ಓಡಿಬಂದವರ ಊರು, ಓಡಿಹೋಗುವವರ ರೈಲು

ಮನೆ ಬಿಟ್ಟು ಓಡಿಹೋಗಬೇಕೆಂದಿರುವ ಹುಡುಗನಿಗೆ ಬಂಗಾರಪೇಟೆ ಜಂಕ್ಷನ್ನಿನಷ್ಟು ಅನುಕೂಲದ ಜಾಗ ಇನ್ನೊಂದು ಸಿಗಲಾರದು. ಬೆಳಗಿನ ಹೊತ್ತು ಮಾರಿಕುಪ್ಪಂ ಕಡೆಯಿಂದ ಬರುವ ರೈಲುಗಳಲ್ಲಿ ಕಾಲಿಡಲೂ ಜಾಗವಿರುವುದಿಲ್ಲ. ಕೆಲಸಕ್ಕೆಂದು ಬೆಂಗಳೂರಿಗೆ ಹೊರಟ ಸಾವಿರಾರು ಜನರ ನಡುವೆ ಹದಿನಾಲ್ಕರ ಪೋರನೊಬ್ಬ ತೂರಿಕೊಂಡರೆ ಕೇಳುವವರಾರು? ಕೈಯಲ್ಲೊಂದು ಊಟದ ಡಬ್ಬಿ ಇದ್ದುಬಿಟ್ಟರೆ ಅವನೂ ಸಂಪಾದನೆಗೆ ಹೊರಟವನೇ!

ಊರಿನ ಹಳೆಯ ಹೆಸರು ಬೌರಿಂಗ್‌ಪೇಟೆ. ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಸಾಹೇಬರ ನೆನಪಿನದು. ಇಲ್ಲಿಂದ ಚಿನ್ನದ ಗಣಿಗಳಿಗೆ ಕವಲು ಹಳಿ ಬಂದದ್ದು 1894ರಲ್ಲಿ. ಸುಮಾರು ಹದಿನಾರು ಕಿಲೋಮೀಟರಿನ ಈ ದಾರಿಯಲ್ಲಿ ಕೋರಮಂಡಲ್, ಉರಿಗಾಂ, ಚಾಂಪಿಯನ್ ನಿಲ್ದಾಣಗಳನ್ನು ದಾಟಿದರೆ ಮಾರಿಕುಪ್ಪಂ. ಅಲ್ಲಿಗೆ ಹಳಿಯೂ ಮುಗಿಯುತ್ತದೆ.

ಉರಿಗಾಂ ಗಣಿಯ ಉತ್ತರಕ್ಕಿರುವುದು ನಂದಿದುರ್ಗ. ಹೆಸರು ಕೇಳಿ ಟಿಪ್ಪುವಿನ ಕೋಟೆ ಹುಡುಕಿದವರಿಗೆ ನಿರಾಸೆ ಖಂಡಿತ. ಇದು ಚಿಕ್ಕಬಳ್ಳಾಪುರದ ನಂದಿಬೆಟ್ಟವಲ್ಲ, ಗಣಿಯ ಹೆಸರು. ಕೆ.ಜಿ.ಎಫ್.ನಲ್ಲಿ ಬೆಟ್ಟಗಳಿಗೇನೂ ಕೊರತೆಯಿಲ್ಲ ಎನ್ನಿ. ಚಿನ್ನ ತೆಗೆದುಕೊಂಡು ಉಳಿದ ಪುಡಿಯನ್ನು ಒಂದು ಶತಮಾನಕ್ಕೂ ಹೆಚ್ಚು ಕಾಲ ಸುರಿದು ಸುರಿದು ಆದ ಬಿಳಿ ದಿಬ್ಬಗಳವು. ಜನ ಅವನ್ನು ಸಯನೈಡ್ ಗುಡ್ಡ ಎನ್ನುತ್ತಾರೆ. ಗಾಳಿ ಎದ್ದರೆ ಆ ಪುಡಿ ಕಾಲೋನಿಗಳ ಅಡುಗೆಮನೆಗೂ ಬರುತ್ತದೆ.

ಇನ್ನು, ಈ ಊರನ್ನು ಕಟ್ಟಿದವರು ಯಾರು? ಓಡಿಬಂದವರೇ. ಉತ್ತರ ಆರ್ಕಾಟಿನಂಥ ಜಿಲ್ಲೆಗಳ ಹಳ್ಳಿಗಳಲ್ಲಿ ಜಾತಿಯ ಕಾಟ, ಸಾಲದ ಜೀತ, ಬರಗಾಲ ಎಲ್ಲವನ್ನೂ ಉಂಡ ದಲಿತ ಕುಟುಂಬಗಳು ಗಂಟುಮೂಟೆ ಕಟ್ಟಿ ಬಂದು ಇಲ್ಲಿ ಗಣಿಗಿಳಿದವು. ಇಳಿದ ಆಳವಾದರೂ ಎಂಥದು! ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಕೆಳಗೆ ಹೋಗಿತ್ತು. ಶಿವನಸಮುದ್ರದ ವಿದ್ಯುತ್ತು 1902ರಲ್ಲೇ ಬಂದದ್ದು ಈ ಗಣಿಗಳಿಗಾಗಿ. ಬೆಂಗಳೂರಿಗೆ ಬೆಳಕು ಬರಲು ಇನ್ನೂ ಮೂರು ವರ್ಷ ಬೇಕಾಯಿತು. ಜಮೀನ್ದಾರನ ಕಣ್ಣು ತಪ್ಪಿಸಿದವನು ಬಂಡೆ ಸಿಡಿತಕ್ಕೆ ಸಿಕ್ಕಿಕೊಂಡ. ಆದರೂ ಹಿಂದಿರುಗಿ ಹೋದವರಿಗಿಂತ ಉಳಿದವರೇ ಹೆಚ್ಚು. ಇಲ್ಲಿ ತಿಂಗಳಿಗೆ ಸಂಬಳವಿತ್ತು.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಮಕ್ಕಳು ಮನೆ ಬಿಟ್ಟು ಓಡಿಹೋಗುವುದನ್ನು ಕೇಳಿದ್ದೇವೆ. ಇಲ್ಲಿ ಮನೆಯ ಅನ್ನವೇ ಓಡಿಹೋಯಿತು.

ಓಡಿಹೋದ ಹುಡುಗನೆಂದರೆ ಕನ್ನಡಿಗರಿಗೆ ನೆನಪಾಗುವವನು ಸ್ವಾಮಿ. ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ದೂರದರ್ಶನದಲ್ಲಿ ಬಂದದ್ದು ಎಂಬತ್ತರ ದಶಕದಲ್ಲಿ. ಹೆಡ್‌ಮಾಸ್ಟರ ಬೆತ್ತವನ್ನೇ ಕಿಟಕಿಯಾಚೆ ಎಸೆದು ಓಡಿದ ಸ್ವಾಮಿ ಕಾಡಿನ ದಾರಿಯಲ್ಲಿ ಕತ್ತಲಿಗೆ ಹೆದರಿ ಬಿದ್ದ. ಗಾಡಿಯವನೊಬ್ಬ ಕಂಡು ಎತ್ತಿಕೊಂಡ. ಅವನಿಗಾದ ನಷ್ಟ ಒಂದು ಕ್ರಿಕೆಟ್ ಪಂದ್ಯ, ಒಬ್ಬ ಗೆಳೆಯ. ನಗು ಬರುತ್ತದೆ, ಹಿಂದೆಯೇ ಗಂಟಲೂ ಕಟ್ಟುತ್ತದೆ.

ಗಣಿಯ ನೆಲಕ್ಕೆ ಸಿಕ್ಕ ಹುಡುಗ ಬೇರೆ ಥರದವನು. 2018ರ ‘ಕೆ.ಜಿ.ಎಫ್.’ ಚಿತ್ರದ ನಾಯಕ ತಾಯಿ ಸತ್ತ ಮೇಲೆ ಬಾಲ್ಯದಲ್ಲೇ ಬೊಂಬಾಯಿಗೆ ಹೋಗಿ, ದೊಡ್ಡವನಾಗಿ ಚಿನ್ನದ ನೆಲಕ್ಕೆ ಬರುತ್ತಾನೆ. ಸಯನೈಡ್ ಗುಡ್ಡಗಳ ಮೇಲೆ ಅದರ ಚಿತ್ರೀಕರಣವೂ ನಡೆಯಿತು. ಚಿನ್ನದ ಕನಸನ್ನು ಊರು ಮತ್ತೆ ಕಂಡದ್ದು ಚಿನ್ನ ಮುಗಿದ ಜಾಗದಲ್ಲಿ, ಅದೂ ಟಿಕೆಟ್ ಕೊಂಡು!

ನಿಜವಾಗಿ ಓಡಿದ ಹುಡುಗನಿಗೆ ಗಾಡಿಯವನೂ ಇಲ್ಲ, ಬೊಂಬಾಯಿಯ ಸಿಂಹಾಸನವೂ ಇಲ್ಲ. ಬೆಂಗಳೂರಿನ ಪ್ಲಾಟ್‌ಫಾರಂನಲ್ಲಿ ಅವನಿಗೆ ಮೊದಲು ಎದುರಾಗುವವನು ಯಾರೆಂಬುದರ ಮೇಲೆ ಎಲ್ಲವೂ ನಿಂತಿದೆ: ರೈಲ್ವೆ ರಕ್ಷಣಾ ದಳದವನೋ, ಕೂಲಿಗೆ ಹುಡುಗರನ್ನು ಹುಡುಕುವ ದಲ್ಲಾಳಿಯೋ. ಬೀದಿ ಮಕ್ಕಳಿಗಾಗಿ 1980ರಲ್ಲಿ ಆರಂಭವಾದ ಬಾಸ್ಕೋ ಸಂಸ್ಥೆಯವರೂ ನಿಲ್ದಾಣಗಳಲ್ಲಿ ಇಂಥವರನ್ನು ಹುಡುಕುತ್ತಾರೆ. 2015ರ ಬಾಲನ್ಯಾಯ ಕಾಯ್ದೆಯಂತೆ, ಸಿಕ್ಕ ಮಗುವನ್ನು ಪ್ರಯಾಣದ ಅವಧಿ ಬಿಟ್ಟು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರಬೇಕು. ಅಲ್ಲಿ ಕೇಳುವ ಮೊದಲ ಪ್ರಶ್ನೆ ಹೆಸರು, ಎರಡನೆಯದು ಊರು.

ಸಂಜೆ ಅದೇ ರೈಲುಗಳು ಬಂಗಾರಪೇಟೆ ದಾಟಿ ಕವಲು ಹಳಿಗೆ ತಿರುಗುತ್ತವೆ. ಖಾಲಿ ಡಬ್ಬಿಗಳು ಮನೆ ಸೇರುತ್ತವೆ.