ಮೂರನೆಯ ಕಿಟಕಿ

ಗುಮಾಸ್ತನಾದವನಿಗೆ ಒಂದು ಕಿಟಕಿ ಮುಚ್ಚಿಸುವುದರಲ್ಲಿರುವ ಸುಖ ಬಡ್ತಿಯಲ್ಲಿಯೂ ಇರಲಾರದು. ನಮ್ಮ ಕಛೇರಿಯಲ್ಲಿ ಪಿಂಚಣಿದಾರರ ಕಾಗದಗಳಿಗೆ ಎರಡು ಕಿಟಕಿಗಳಿದ್ದುವು, ಎರಡನೆಯದು ಮತ್ತು ಮೂರನೆಯದು. ಎಲ್ಲಿ ಕೊಟ್ಟರೂ ಕಾಗದ ಕೊನೆಗೆ ಬರುತ್ತಿದ್ದುದು ನನ್ನ ಮೇಜಿಗೇ. ಹಾಗಾದರೆ ಎರಡೇಕೆ? ನಾನೇ ಟಿಪ್ಪಣಿ ಬರೆದೆ, ಸಾಹೇಬರು ಸಹಿ ಮಾಡಿದರು, ಮೂರನೆಯ ಕಿಟಕಿ ಮುಚ್ಚಿತು. ಅಂದು ಸಂಜೆ ಮನೆಯಲ್ಲಿ ಧೈರ್ಯವಾಗಿ ಇನ್ನೊಂದು ಲೋಟ ಕಾಫಿ ಕೇಳಿದೆ.

ಆ ಭಾನುವಾರ ಪುಣೆಯಿಂದ ನನ್ನ ಭಾವಮೈದುನ ಬಂದಿದ್ದ. ಅವನದು ಕಂಪ್ಯೂಟರಿನ ಕೆಲಸ. ನನ್ನ ಪ್ರತಾಪವನ್ನೆಲ್ಲ ಕೇಳಿ, "ಭಾವ, ಲಿನಕ್ಸಿನಲ್ಲಿಯೂ ಇಂತಹ ಎರಡು ಕಿಟಕಿಗಳಿವೆ" ಎಂದ.

ಲಿನಕ್ಸ್ ಎಂಬುದು ಕಂಪ್ಯೂಟರನ್ನು ನಡೆಸುವ ವ್ಯವಸ್ಥೆ. ಅದರ ತಿರುಳಿಗೆ ಕರ್ನಲ್ ಎಂದು ಹೆಸರು. ಕರ್ನಲಿನಿಂದ ಏನಾದರೂ ಬೇಕಾದ ಪ್ರೋಗ್ರಾಮು, ನಾವು ಕಡತ ಬಿಚ್ಚುವಂತೆ, ಒಂದು ಗೊತ್ತಾದ ಹೆಸರನ್ನು ತೆರೆಯುತ್ತದೆ. ಗುಪ್ತಲಿಪಿಗೆ ಬೇಕಾದ, ಯಾರೂ ಊಹಿಸಲಾರದ ಅಂಕಿಗಳನ್ನು ಕೊಡಲು 'ರಾಂಡಮ್', 'ಯುರಾಂಡಮ್' ಎಂಬ ಎರಡು ಹೆಸರುಗಳಿವೆ. ಮೊದಲನೆಯದು ಬಲು ಜಿಗುಟು. ದಾಸ್ತಾನು ತೀರಿತೆಂದು ಲೆಕ್ಕ ಹಾಕಿ ಬಂದವರನ್ನು ಕಾಯಿಸುತ್ತಿತ್ತು. ಎರಡನೆಯದು ಕೇಳಿದಷ್ಟು ಕೊಡುತ್ತಿತ್ತು. ಯಂತ್ರ ಒಮ್ಮೆ ಸರಿಯಾಗಿ ಸಿದ್ಧವಾದ ಮೇಲೆ ಹೀಗೆ ಕಾಯಿಸುವುದು ವ್ಯರ್ಥವೆಂದು ಬಲ್ಲವರು ಕಂಡುಕೊಂಡರು. 2020ರಲ್ಲಿ ಬಂದ 5.6ನೆಯ ಆವೃತ್ತಿಯಲ್ಲಿ ಮೊದಲನೆಯದರ ಪ್ರತ್ಯೇಕ ಉಗ್ರಾಣವನ್ನೇ ತೆಗೆದುಹಾಕಿದರು.

"ಕಿಟಕಿಯನ್ನೂ ಮುಚ್ಚಿದರು ತಾನೆ?" ಎಂದೆ.

"ಎಲ್ಲಿಯ ಮಾತು, ಭಾವ! ಹಳೆಯ ಪ್ರೋಗ್ರಾಮುಗಳು ಆ ಹೆಸರನ್ನೇ ಹುಡುಕಿಕೊಂಡು ಬರುತ್ತವಲ್ಲ. ಉಗ್ರಾಣ ಹೋಯಿತು, ಕಿಟಕಿ ಉಳಿಯಿತು."

2022ರಲ್ಲಿ ಎರಡನೆಯ ಕಿಟಕಿಯೂ ಯಂತ್ರ ಸಿದ್ಧವಾಗುವವರೆಗೆ ಕಾಯಿಸಲೆಂದು, ಎರಡನ್ನೂ ಒಂದೇ ಮಾಡಹೊರಟರಂತೆ. 5.18ನೆಯ ಆವೃತ್ತಿಯ ತಯಾರಿಯಲ್ಲಿ ಹಾಗೆ ಮಾಡಿ ನೋಡಿದರೆ, ಕೆಲವು ಯಂತ್ರಗಳು ಏಳುವ ಮೊದಲೇ ನಿಂತುಬಿಟ್ಟುವು. ಒಡನೆಯೇ ಆ ಬದಲಾವಣೆಯನ್ನು ಹಿಂದಕ್ಕೆ ತೆಗೆದುಕೊಂಡರು. ಒಳಗೆ ಏನು ಬದಲಾದರೂ ಜನರು ಬಳಸುತ್ತಿರುವ ಪ್ರೋಗ್ರಾಮು ಕೆಡಬಾರದೆಂಬುದು ಲಿನಕ್ಸಿನ ಜನಕ ಲಿನಸ್ ಟೊರ್ವಾಲ್ಡ್ಸರ ಕಟ್ಟಳೆ.

ನನಗೆ ಮಾತು ಅಷ್ಟಾಗಿ ರುಚಿಸಲಿಲ್ಲ. ಯಂತ್ರದ ವಿಷಯ ಬೇರೆ, ಮನುಷ್ಯರಿಗೆ ಸೂಚನಾಫಲಕ ಸಾಲದೆ ಎಂದುಕೊಂಡೆ.

ಸೋಮವಾರ ಕಛೇರಿಗೆ ಹೋದರೆ, ಮುಚ್ಚಿದ ಮೂರನೆಯ ಕಿಟಕಿಯ ಮುಂದೆ ಒಬ್ಬ ಅಜ್ಜಿ ನಿಂತಿದ್ದರು. ಫಲಕ ಅವರ ತಲೆಯ ಮೇಲೆಯೇ ಇತ್ತು, ಓದಲು ಬಾರದು. ಯಜಮಾನರು ಹೋಗುವ ಮೊದಲು "ಮೂರನೆಯ ಕಿಟಕಿ" ಎಂದು ಹೇಳಿಕೊಟ್ಟಿದ್ದರಂತೆ. ಗುರುವಾರವೂ ಶುಕ್ರವಾರವೂ ಬಂದು, ತೆರೆದೀತೆಂದು ಕಾದು ಹಿಂದಿರುಗಿದ್ದರು. ಕೈಯಲ್ಲಿದ್ದುದು ತಾವು ಬದುಕಿದ್ದೇವೆಂಬ ಪ್ರಮಾಣಪತ್ರ. ಇನ್ನೆರಡು ದಿನ ಕಳೆದಿದ್ದರೆ ಗಡುವು ಮುಗಿದು ಪಿಂಚಣಿ ನಿಲ್ಲುತ್ತಿತ್ತು. ನನ್ನ ಟಿಪ್ಪಣಿಯಲ್ಲಿ ಈ ಅಜ್ಜಿಗೆ ಒಂದು ಸಾಲೂ ಇರಲಿಲ್ಲ.

ಮತ್ತೊಂದು ಟಿಪ್ಪಣಿ ಬರೆದೆ. ಈಗ ಮೂರನೆಯ ಕಿಟಕಿ ತೆರೆದಿದೆ. ಹಿಂದೆ ಗುಮಾಸ್ತನೂ ಇಲ್ಲ, ಬೇರೆ ದಫ್ತರವೂ ಇಲ್ಲ. ಒಂದು ಸ್ಟೂಲಿನ ಮೇಲೆ ಜವಾನ ಕುಳಿತು, ಬಂದ ಕಾಗದವನ್ನು ನನ್ನ ಮೇಜಿಗೆ ದಾಟಿಸುತ್ತಾನೆ.

ಮುಂದಿನ ವರ್ಷ ಅಜ್ಜಿ ನೇರವಾಗಿ ಅಲ್ಲಿಗೇ ಬಂದರು, ಕಾಗದ ಕೊಟ್ಟು ಹೋದರು. ಒಳಗೆ ಏನೋ ಬದಲಾಗಿದೆಯೆಂಬುದು ಅವರಿಗೆ ತಿಳಿಯಲೇ ಇಲ್ಲ.