ಮೂವತ್ತು ಸಾವಿರ ಎಂದದ್ದು

2024ರ ಡಿಸೆಂಬರಿನಲ್ಲಿ ಸಾಗರದ ಒಂದು ಮದುವೆಮನೆ. ಊಟ ಮುಗಿಸಿ ಕೈತೊಳೆಯುವಾಗ ಸೋದರತ್ತೆಯ ಮಗ ಪಕ್ಕಕ್ಕೆ ಬಂದ. "ಭಾವ, ಅಲ್ಲಿ ತಿಂಗಳಿಗೆ ಎಷ್ಟು ಬೇಕಾಗುತ್ತೆ?"

"ಮೂವತ್ತು ಸಾವಿರ ಇದ್ರೆ ಸಾಕು ಮಾರಾಯ" ಎಂದೆ.

ಬೆಂಗಳೂರಿನ ಕೆಲಸವನ್ನು ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ಕೂತು ಮಾಡಲು ಶುರುಮಾಡಿ ಆಗ ಮೂರು ತಿಂಗಳು. ಆ ಅಂಕಿ ಸುಳ್ಳಲ್ಲ ಎಂದೇ ನಂಬಿದ್ದೆ. ಕೋಣೆಗೆ 6,000 ಬಾತ್, ಅಂದರೆ ಆಗ ಸುಮಾರು 15 ಸಾವಿರ ರೂಪಾಯಿ. ಹಳದಿ ಬಾವುಟ ಕಟ್ಟಿದ 'ಜೇ' ಅಂಗಡಿಗಳಲ್ಲಿ ಮೀನಿನ ಸಾಸ್ ಕೂಡ ಬಳಸದ ಸಸ್ಯಾಹಾರ ಸಿಗುತ್ತದೆ. ಅನ್ನ, ಪಲ್ಯಕ್ಕೆ 40-50 ಬಾತ್. ಎರಡನ್ನೂ ಕೂಡಿಸಿದರೆ ಮೂವತ್ತರೊಳಗೇ ಬರುತ್ತಿತ್ತು.

ಉಳಿದದ್ದಕ್ಕೆಲ್ಲ ನನ್ನ ಎಕ್ಸೆಲ್‌ನಲ್ಲಿ 'ಒಂದೇ ಸಲದ್ದು' ಎಂಬ ಬೇರೆ ಹಾಳೆ ಇತ್ತು. ಎರಡು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸ್, ಮದುವೆಗೆ ಬಂದ ವಿಮಾನದ ಟಿಕೆಟ್, ವಿಮೆ ಎಲ್ಲ ಅಲ್ಲಿಗೆ ಹೋದವು. ಊರಿನ ಕಾರ್ಡಿನಿಂದ ಅಲ್ಲಿನ ಎಟಿಎಂನಲ್ಲಿ ದುಡ್ಡು ತೆಗೆದರೆ ಪ್ರತಿ ಸಲ 220 ಬಾತ್ ಶುಲ್ಕವಿತ್ತು. ಕೈಯಲ್ಲಿದ್ದರೆ ಖರ್ಚಾದೀತೆಂದು ನಾನು ಎರಡೆರಡು ಸಾವಿರವೇ ತೆಗೆಯುತ್ತಿದ್ದೆ. ನೂರಕ್ಕೆ ಹನ್ನೊಂದು ಹಾಗೇ ಹೋಗುತ್ತಿತ್ತು. ಅದೂ 'ಒಂದೇ ಸಲದ್ದು'. ಅಂಥದ್ದು ಇಲ್ಲದ ತಿಂಗಳು ಒಂದೂ ಇರಲಿಲ್ಲ.

ಆ ಹಾಳೆಯಲ್ಲೂ ಬರೆಯದ ಒಂದು ಬಾಬ್ತು ಇತ್ತು. ದೂರದಿಂದ ಕೆಲಸ ಮಾಡುವವರೂ ಬಂದು ಇರಬಹುದಾದ ಐದು ವರ್ಷದ ವೀಸಾವನ್ನು ಥಾಯ್ಲೆಂಡ್ 2024ರ ಜುಲೈಯಲ್ಲಿ ತಂದಿತು. ಅದಕ್ಕೆ 5 ಲಕ್ಷ ಬಾತ್ ಉಳಿತಾಯ ತೋರಿಸಬೇಕು. ನನ್ನ ಹತ್ತಿರ ಅಷ್ಟಿರಲಿಲ್ಲ. ಅಕ್ಕ ಎಫ್‌ಡಿ ಮುರಿಸಿ ನಾಲ್ಕು ಲಕ್ಷ ರೂಪಾಯಿ ಕೊಟ್ಟಳು. ಅವಳಿಗೆ ತಪ್ಪಿದ ಬಡ್ಡಿಯನ್ನು ನಾನು ಎಲ್ಲೂ ಬರೆದುಕೊಳ್ಳಲಿಲ್ಲ.

ಅಪ್ಪ ದಿನಸಿ ಅಂಗಡಿಯ ಕಿರ್ದಿಯಲ್ಲಿ ರಾತ್ರಿ ಲೆಕ್ಕ ತಾಳೆಯಾಗದಿದ್ದರೆ 'ಸಿಗದ್ದು 12 ರೂ.' ಎಂದು ಬರೆದೇ ಮಲಗುತ್ತಿದ್ದರು. ನಾನು ದೇಶ ಬಿಡುವುದು ಅವರಿಗೆ ಇಷ್ಟವಿರಲಿಲ್ಲ. ಹೊರಟದ್ದು ಸರಿ ಎಂದು ಅವರಿಗೆ ತೋರಿಸಲು ನನಗೊಂದು ಸಣ್ಣ ಅಂಕಿ ಬೇಕಿತ್ತು. ಮೂವತ್ತು ಸಾವಿರ ಹುಟ್ಟಿದ್ದು ಅಲ್ಲಿಂದ.

ಫೆಬ್ರವರಿಯಲ್ಲಿ ಅತ್ತೆಯ ಮಗ ಬಂದ. ಭಾರತೀಯರು ವೀಸಾ ಇಲ್ಲದೆ 60 ದಿನ ಇರಬಹುದಿತ್ತು. ನೋಡಿಕೊಂಡು ಹೋಗುತ್ತೇನೆ ಎಂದ. ಕೈಯಲ್ಲಿ 60 ಸಾವಿರ, ಎರಡು ತಿಂಗಳಿಗೆ ನನ್ನ ಲೆಕ್ಕದ ಪ್ರಕಾರ ಸರಿಯಾಗಿ. ಕೋಣೆಯ ಅಡ್ವಾನ್ಸ್ ಮತ್ತು ಬಾಡಿಗೆಗೇ ಮುಕ್ಕಾಲು ಭಾಗ ಕರಗಿತು. ನಾನಿದ್ದದ್ದು ಹತ್ತು ನಿಮಿಷದ ದೂರದಲ್ಲಿ. ಆದರೂ ಅವನು ನನ್ನ ಹತ್ತಿರ ಕೇಳಲಿಲ್ಲ. ಭಾವ ಮೂವತ್ತರಲ್ಲಿ ಬದುಕುತ್ತಾನೆ, ನನಗೆ ಆಗುತ್ತಿಲ್ಲ ಎಂದರೆ ನಾನೇ ದುಂದು ಎಂದುಕೊಂಡು ರಾತ್ರಿಯ ಊಟ ಬಿಟ್ಟಿದ್ದ. ಇದು ನನಗೆ ತಿಳಿದದ್ದು ಆಮೇಲೆ.

ಆ ತಿಂಗಳುಗಳಲ್ಲಿ ಉತ್ತರ ಥಾಯ್ಲೆಂಡಿನ ಹೊಲದ ಕೂಳೆಗೆ, ಕಾಡಿಗೆ ಬೆಂಕಿ ಬೀಳುತ್ತದೆ. ಊರಿನ ಸುತ್ತ ಗುಡ್ಡ. ಹೊಗೆ ಕಣಿವೆಯಲ್ಲೇ ಕೂರುತ್ತದೆ. ಹೋಗುವ ಮೊದಲೇ ಇದನ್ನು ಓದಿದ್ದ ನಾನು ಗಾಳಿ ಶುದ್ಧಿಯ ಯಂತ್ರ ತಂದು ಕಿಟಕಿ ಮುಚ್ಚಿಕೊಂಡಿದ್ದೆ. ಅವನಿಗೆ ಹೇಳಿರಲಿಲ್ಲ. ಕೆಮ್ಮು ಎದೆಗಿಳಿದು ಆಸ್ಪತ್ರೆ ಸೇರಿದ. ವಿಮೆ ಇರಲಿಲ್ಲ. ಫೋನು ಮಾಡಿದ್ದು ನನಗಲ್ಲ, ಅವನ ಅಮ್ಮನಿಗೆ.

ಅತ್ತೆ ನನಗೆ ಫೋನು ಮಾಡಿದರು. ಬೈಯಲಿಲ್ಲ. "ನೀ ಹೇಳಿದ ಮೇಲೆ ಸಾಕಾಗ್ಬೇಕಿತ್ತಲ್ಲ ಮಗಾ, ಇವ ಎಲ್ಲಿ ಕಳೆದ?" ಎಂದು ಕೇಳಿದರು. "ಇಲ್ಲಿ ಈಗ ರೇಟು ಏರಿದೆ ಅತ್ತೆ" ಎಂದೆ.

ರೇಟು ಏರಿರಲಿಲ್ಲ. ಆ ರಾತ್ರಿ ಎರಡೂ ಹಾಳೆ ಸೇರಿಸಿ ತಿಂಗಳಿಗೆ ಭಾಗಿಸಿದೆ: 51 ಸಾವಿರ. ಆಸ್ಪತ್ರೆಯ ಬಿಲ್ಲು, ಅವನು ವಾಪಸು ಹೋದ ಟಿಕೆಟ್ಟು ನಾನೇ ಕಟ್ಟಿದೆ. ಅಕ್ಕನ ಬಡ್ಡಿಯನ್ನೂ ಲೆಕ್ಕ ಹಾಕಿ ಕಳಿಸಿದೆ. ಅವನಿಗೆ ಎರಡೂ ಹಾಳೆ ತೋರಿಸಿದೆ. ಬಹಳ ಹೊತ್ತು ನೋಡಿ, "ಹಂಗಾರೆ ನಾನು ಜಾಸ್ತಿ ಖರ್ಚು ಮಾಡಿಲ್ಲ" ಎಂದ. ಅತ್ತೆಗೆ ಇನ್ನೂ ಹೇಳಿಲ್ಲ. ಅವರ ಮನಸ್ಸಿನಲ್ಲಿ ಮಗ ಇವತ್ತಿಗೂ ದುಡ್ಡು ಕಳೆದುಕೊಂಡು ಬಂದವನೇ.