ತಡ ಮಾಡಲು ಕಲಿತ ಕಾಲು

ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಬ್ರೇಕ್ ಪೆಡಲ್ ಎರಡು. ಒಂದು ಕಲಿಯುವವನದು, ಇನ್ನೊಂದು ಪಕ್ಕದಲ್ಲಿ ಕೂತ ಮೇಷ್ಟ್ರದು. ಶಿಷ್ಯ ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ರಸ್ತೆ ದಾಟುವ ಎಮ್ಮೆಯನ್ನೇ ದಿಟ್ಟಿಸುತ್ತಿರುವಾಗ, ಮೇಷ್ಟ್ರು ಎಲೆಅಡಿಕೆ ಮೆಲ್ಲುತ್ತ, ಬೇರೆಲ್ಲೋ ನೋಡುತ್ತಿರುವಂತೆ ಕಂಡರೂ ಕಾಲಿನಿಂದಲೇ ಕಾರು ನಿಲ್ಲಿಸಿರುತ್ತಾರೆ. ‘ಒತ್ತು ಅಂದೆನಲ್ಲ, ಎಷ್ಟು ಹೊತ್ತು ಮಾಡ್ತೀಯಪ್ಪಾ?’ ಎಂಬ ಬೈಗುಳ ಆಮೇಲೆ ಬರುತ್ತದೆ. ಬುದ್ಧಿಗೆ ಗೊತ್ತಿದ್ದೂ ಕಾಲಿಗೆ ಗೊತ್ತಾಗುವುದು ತಡ. ಆ ನಡುವಿನ ಹೊತ್ತೇ ಎಲ್ಲ ಅನಾಹುತಗಳ ಮೂಲ.

ಈ ಎರಡು ಕಾಲುಗಳಲ್ಲದೆ ಮೂರನೆಯದೊಂದಿದೆ. ಅದು ರಸ್ತೆಯಲ್ಲಿ ಕಾಣುವುದಿಲ್ಲ. ಹೊಸ ಕಾರುಗಳು ಮಾರಾಟಕ್ಕೆ ಬರುವ ಮುನ್ನ ಅವುಗಳನ್ನು ಹಣ್ಣುಗಾಯಿ ಮಾಡಿ ನೋಡುವ ಪರೀಕ್ಷಾ ಮೈದಾನಗಳಲ್ಲಿ ಅದರ ವಾಸ. ಇಂಥ ಕಾಲುಗಳನ್ನು ತಯಾರಿಸುವ ಕಂಪನಿಗಳಲ್ಲೊಂದು 1982ರಲ್ಲಿ ಶುರುವಾದ ಆಂಥೊನಿ ಬೆಸ್ಟ್ ಡೈನಮಿಕ್ಸ್. ಇಂಗ್ಲೆಂಡಿನ ಬ್ರಾಡ್‌ಫರ್ಡ್-ಆನ್-ಏವನ್ ಎಂಬ ಪುಟ್ಟ ಊರಿನಲ್ಲಿ ಅದರ ಠಿಕಾಣಿ. ಹೆಸರಿಗೆ ‘ಬ್ರೇಕ್ ರೋಬಾಟ್’ ಎಂದರೂ ನೋಡಿದವರಿಗೆ ನಿರಾಸೆಯೇ. ಸಿನಿಮಾದಲ್ಲಿ ಬರುವಂಥ ಕೈಕಾಲು ಕಣ್ಣು ಯಾವುದೂ ಇಲ್ಲ. ಸೀಟಿಗೆ ಬಿಗಿದ ಒಂದು ಮೋಟಾರು, ಅದರಿಂದ ಹೊರಟ ಒಂದು ಲೋಹದ ತೋಳು, ತೋಳಿನ ತುದಿಯಲ್ಲಿ ಪೆಡಲನ್ನು ಕಚ್ಚಿ ಹಿಡಿಯುವ ಪಟ್ಟಿ. ಎಷ್ಟು ಬಲ ಬಿತ್ತು ಎಂದು ಅಳೆಯಲು ಒಂದು ಸಾಧನ, ಪೆಡಲು ಎಷ್ಟು ಮಿಲಿಮೀಟರ್ ಸರಿಯಿತು ಎಂದು ನೋಡಲು ಇನ್ನೊಂದು. ಎರಡರ ಸುದ್ದಿಯೂ ಕಂಪ್ಯೂಟರಿಗೆ ಹೋಗುತ್ತದೆ. ಅದು ‘ಇನ್ನಷ್ಟು’, ‘ಸಾಕು’ ಎಂದು ಮೋಟಾರಿಗೆ ಅಪ್ಪಣೆ ಕೊಡುತ್ತಿರುತ್ತದೆ. ಚಾಲಕ ಪಾಪ ತನ್ನ ಸೀಟಿನಲ್ಲೇ ಕೂತಿರುತ್ತಾನೆ, ಕಾಲು ಹಿಂದಕ್ಕೆಳೆದುಕೊಂಡು.

ಬ್ರೇಕ್ ಒತ್ತುವುದಕ್ಕೂ ಯಂತ್ರ ಬೇಕೇ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ.

ಕಾರುಗಳ ಬ್ರೇಕಿಗೆ ಯುರೋಪಿನಲ್ಲಿ ಪಾಲಿಸುವ ವಿಶ್ವಸಂಸ್ಥೆಯ ನಿಯಮವೊಂದಿದೆ, 13-ಎಚ್ ಎಂದು ಅದರ ಹೆಸರು. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಬ್ರೇಕ್ ಹಾಕಿದ ಮೇಲೆ 70 ಮೀಟರಿನೊಳಗೆ ನಿಲ್ಲಬೇಕು. ಅದಕ್ಕಾಗಿ ಪೆಡಲಿನ ಮೇಲೆ 500 ನ್ಯೂಟನ್‌ಗಿಂತ ಹೆಚ್ಚು ಬಲ ಹಾಕುವಂತಿಲ್ಲ. 500 ನ್ಯೂಟನ್ ಎಂದರೆ ಹೆಚ್ಚುಕಡಿಮೆ ಒಂದು ಮೂಟೆ ಸಿಮೆಂಟಿನ ಭಾರ. ಪೈಲ್ವಾನನ ಕಾಲಿಗೆ ಮಾತ್ರ ನಿಲ್ಲುವ ಕಾರು ಸಾಧಾರಣ ಜನರಿಗೆ ಏನು ಪ್ರಯೋಜನ? ಕೆಳಗೂ ಒಂದು ಗೆರೆ ಇದೆ, 65 ನ್ಯೂಟನ್. ಕಾಲು ಸೋಕಿದರೆ ಸಾಕು ಗಕ್ಕನೆ ನಿಲ್ಲುವ ಬ್ರೇಕೂ ಕೆಲಸಕ್ಕೆ ಬಾರದು.

ಇಲ್ಲಿಯವರೆಗೆ ಪಳಗಿದ ಚಾಲಕನ ಕಾಲೂ ಹೇಗೋ ನಿಭಾಯಿಸೀತು. ಫಜೀತಿ ಇರುವುದು ಬಿಸಿ ಬ್ರೇಕಿನ ಪರೀಕ್ಷೆಯಲ್ಲಿ. ಆಗುಂಬೆ ಘಾಟಿ ಇಳಿದವರಿಗೆ ಆ ಸುಟ್ಟ ವಾಸನೆಯ ಪರಿಚಯ ಉಂಟು. ಒತ್ತಿ ಒತ್ತಿ ಬ್ರೇಕು ಕಾದಷ್ಟೂ ಘರ್ಷಣೆ ಕಡಿಮೆಯಾಗಿ ಹಿಡಿತ ಸಡಿಲವಾಗುತ್ತದೆ. ಇದನ್ನು ಅಳೆಯಲು 45 ಸೆಕೆಂಡಿಗೊಮ್ಮೆ, ಒಟ್ಟು 15 ಸಲ, ಕಾರಿನ ವೇಗವನ್ನು ಅರ್ಧಕ್ಕೆ ಇಳಿಸಬೇಕು. ಮೊದಲ ಸಲ ಸೆಕೆಂಡಿಗೆ 3 ಮೀಟರಿನಂತೆ ವೇಗ ಇಳಿಯಬೇಕು. ಹೈಸ್ಕೂಲಿನ ಪುಸ್ತಕದಲ್ಲಿ ಇದಕ್ಕೆ ಋಣ ವೇಗೋತ್ಕರ್ಷ ಎಂಬ ಭಾರೀ ಹೆಸರಿದೆ. ಅದಕ್ಕೆ ಎಷ್ಟು ಬಲ ಬೇಕಾಯಿತೋ ಅಷ್ಟೇ ಬಲವನ್ನು ಉಳಿದ 14 ಸಲವೂ ಹಾಕಬೇಕು. ಕೂದಲೆಳೆಯಷ್ಟೂ ಹೆಚ್ಚಲ್ಲ, ಕಡಿಮೆಯಲ್ಲ.

ಮನುಷ್ಯನ ಕಾಲು ಸೋಲುವುದೇ ಇಲ್ಲಿ. ಸೋಲುವುದು ದಡ್ಡತನದಿಂದಲ್ಲ, ಜಾಣತನದಿಂದ. ಏಳನೆಯ ಸಲವೋ ಎಂಟನೆಯ ಸಲವೋ ಬ್ರೇಕು ಮೆತ್ತಗಾದದ್ದು ಬುದ್ಧಿಗಿಂತ ಮೊದಲು ಕಾಲಿಗೆ ತಿಳಿಯುತ್ತದೆ. ಯಜಮಾನನನ್ನು ಕೇಳದೆಯೇ ಅದು ಇನ್ನೊಂದಿಷ್ಟು ಭಾರ ಬಿಡುತ್ತದೆ. ಕಾರು ಮೊದಲಿನಂತೆಯೇ ನಿಧಾನವಾಗುತ್ತದೆ. ಬ್ರೇಕಿನ ದೋಷ ಮುಚ್ಚಿಹೋಗುತ್ತದೆ. ಘಾಟಿಯ ತಿರುವಿನಲ್ಲಿ ಐವತ್ತು ಪ್ರಯಾಣಿಕರ ಜೀವ ಉಳಿಸುವ ಈ ಗುಣ ಪರೀಕ್ಷಾ ಮೈದಾನದಲ್ಲಿ ಸುಳ್ಳು ಸಾಕ್ಷಿಯಾಗುತ್ತದೆ. ಕಬ್ಬಿಣದ ಕಾಲಿಗೆ ಇಂಥ ಕರುಣೆ ಇಲ್ಲ. ಬ್ರೇಕು ಸೋಲುತ್ತಿದ್ದರೆ ಅದು ಸೋಲಲು ಬಿಡುತ್ತದೆ. ಕಾಗದದ ಮೇಲೆ ಗೆರೆ ಎಲ್ಲಿ ಇಳಿಯಿತೋ ಅಲ್ಲಿ ಇಳಿದದ್ದೇ ಸತ್ಯ.

ಇಷ್ಟಕ್ಕೆ ಮುಗಿದಿದ್ದರೆ ಇದು ಯಂತ್ರದ ಶಿಸ್ತನ್ನು ಹೊಗಳುವ ಇನ್ನೊಂದು ಕಥೆಯಾಗುತ್ತಿತ್ತು. ಆದರೆ ಆ 70 ಮೀಟರಿನ ಲೆಕ್ಕದಲ್ಲಿ ಒಂದು ತಮಾಷೆ ಇದೆ. ಅದು ಶುರುವಾಗುವುದು ಪೆಡಲು ಒತ್ತಿದ ಕ್ಷಣದಿಂದ. ಕಣ್ಣು ಕಂಡು, ತಲೆ ತೀರ್ಮಾನಿಸಿ, ಕಾಲು ಎದ್ದು ಪೆಡಲಿಗೆ ಬರುವ ಹೊತ್ತು ಅದರಲ್ಲಿಲ್ಲ. ಅಂದರೆ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ಬೈದ ಆ ಹೊತ್ತನ್ನೇ ನಿಯಮ ಕೈಬಿಟ್ಟಿತ್ತು. ಬ್ರೇಕಿನ ಪರೀಕ್ಷೆಯೇ ಹೊರತು ಮನುಷ್ಯನ ಪರೀಕ್ಷೆಯಲ್ಲವಲ್ಲ, ಅದೂ ನ್ಯಾಯವೇ.

ಮನುಷ್ಯನೂ ಲೆಕ್ಕಕ್ಕೆ ಸೇರಿದ್ದು ನಿಧಾನವಾಗಿ. ಗಾಬರಿಯಾದ ಚಾಲಕರು ಪೆಡಲನ್ನು ಥಟ್ಟನೆ ಒತ್ತುತ್ತಾರೆ, ಆದರೆ ಸಾಕಷ್ಟು ಜೋರಾಗಿ ಒತ್ತುವುದಿಲ್ಲ ಎಂಬುದನ್ನು ಮರ್ಸಿಡಿಸ್ ಕಂಪನಿಯ ಎಂಜಿನಿಯರುಗಳು ಕೃತಕ ಚಾಲನಾ ಯಂತ್ರದಲ್ಲಿ ಜನರನ್ನು ಕೂರಿಸಿ ಕಂಡುಕೊಂಡರು. ಅದರ ಫಲವಾಗಿ 1996ರಲ್ಲಿ ‘ಬ್ರೇಕ್ ಅಸಿಸ್ಟ್’ ಬಂತು. ಪೆಡಲು ಕೆಳಗಿಳಿಯುವ ವೇಗ ನೋಡಿ, ಇದು ಗಾಬರಿಯ ಒತ್ತು ಎಂದು ಊಹಿಸಿ, ಉಳಿದ ಬಲವನ್ನು ಕಾರೇ ಹಾಕಿಕೊಳ್ಳುವ ಏರ್ಪಾಡು. ಗಾಬರಿ ಬೀಳದೆ ಗಾಬರಿಯ ವೇಗದಲ್ಲಿ ಮತ್ತೆ ಮತ್ತೆ ಒತ್ತಿ ಇದನ್ನು ಪರೀಕ್ಷಿಸಲು ಮನುಷ್ಯನಿಗೆ ಆದೀತೇ? ಯಂತ್ರದ ಕಾಲಿಗೆ ಅಲ್ಲೂ ಕೆಲಸ.

ಆಮೇಲೆ, ಮುಂದೆ ಅಪಾಯವಿದೆ ಎಂದು ಕೂಗಿ ಎಚ್ಚರಿಸುವ ಕಾರುಗಳು ಬಂದವು. 2014ರಿಂದ ಯುರೋ ಎನ್‌ಕ್ಯಾಪ್ ಸಂಸ್ಥೆ ಇವುಗಳಿಗೆ ಅಂಕ ಕೊಡತೊಡಗಿತು. ಕಾರು ಕೂಗಿದ ಮೇಲೆ ಬ್ರೇಕ್ ಒತ್ತುವವರು ಯಾರು? ಮತ್ತದೇ ಕಬ್ಬಿಣದ ಕಾಲು. ಅದಕ್ಕೋ ಸದ್ದು ಕೇಳಿದ ಮರುಗಳಿಗೆಯಲ್ಲೇ ಒತ್ತುವ ತಾಕತ್ತಿದೆ. ಹಾಗೆ ಒತ್ತಿದರೆ ಎಲ್ಲ ಕಾರುಗಳೂ ಪಾಸು. ಮನೆಯಲ್ಲಿ ಮಗುವಿನ ಜ್ವರವನ್ನೋ ಬ್ಯಾಂಕಿನ ಕಂತನ್ನೋ ಯೋಚಿಸುತ್ತ ಹೋಗುವ ಚಾಲಕ ಮಾತ್ರ ಫೇಲು. ಆದ್ದರಿಂದ ಪರೀಕ್ಷೆಯ ನಿಯಮದಲ್ಲಿ ಬರೆದರು: ಎಚ್ಚರಿಕೆಯ ಸದ್ದಾದ ಮೇಲೆ ಯಂತ್ರ 1.2 ಸೆಕೆಂಡು ಸುಮ್ಮನಿರಬೇಕು. ಒತ್ತುವಾಗಲೂ ಪೂರ್ತಿ ಒತ್ತಕೂಡದು. ಸೆಕೆಂಡಿಗೆ 4 ಮೀಟರಿನಂತೆ ವೇಗ ಇಳಿಯುವಷ್ಟು, ಅಂದರೆ ನಡುತರದ ಚಾಲಕ ಅಳುಕುತ್ತ ಒತ್ತುವಷ್ಟು ಮಾತ್ರ.

ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ 1.2 ಸೆಕೆಂಡು ಎಂದರೆ 16.7 ಮೀಟರ್. ನಾಲ್ಕು ಕಾರುಗಳನ್ನು ಒಂದರ ಹಿಂದೊಂದು ನಿಲ್ಲಿಸುವಷ್ಟು ಜಾಗ, ಏನೂ ಮಾಡದೆ ಕಳೆದದ್ದು. ಆಮೇಲೆ ಆ ಅಳುಕಿನ ಬ್ರೇಕಿಗೆ ಇನ್ನೂ 24 ಮೀಟರ್. ಒಟ್ಟು 41 ಮೀಟರ್ ಆಯಿತು. ಕಾರು ತಯಾರಿಸುವವರು ಅಷ್ಟು ದೂರದಿಂದಲೇ ಕೂಗಲು ಕಾರಿಗೆ ಕಲಿಸಬೇಕಾಯಿತು. ಮನುಷ್ಯನ ದೌರ್ಬಲ್ಯ ತಮ್ಮ ಪರೀಕ್ಷೆಯನ್ನು ಕೆಡಿಸಬಾರದೆಂದು ಎಂಜಿನಿಯರುಗಳು ಯಂತ್ರದ ಕಾಲು ಕಟ್ಟಿದರು. ಕೊನೆಗೆ ಅದಕ್ಕೇ ಆ ದೌರ್ಬಲ್ಯವನ್ನು ಸೆಕೆಂಡಿನ ಲೆಕ್ಕದಲ್ಲಿ ಪಾಠ ಹೇಳಿದರು. ಮಾನವ ಜಾತಿಗೆ ಇದಕ್ಕಿಂತ ಪ್ರಾಮಾಣಿಕವಾದ ಕನ್ನಡಿ ಸಿಗುವುದು ಅಪರೂಪ.

ಇನ್ನೊಂದು ಪರೀಕ್ಷೆಯಲ್ಲಿ ಕಾಲಿಗೆ ಆ ಅವಕಾಶವೂ ಇಲ್ಲ. ಸಾಲಾಗಿ ನಿಂತ ಕಾರುಗಳ ಮರೆಯಿಂದ ಏಳು ವರ್ಷದ ಹುಡುಗನ ಗಾತ್ರದ ಬೊಂಬೆಯೊಂದು ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ರಸ್ತೆಗೆ ಬರುತ್ತದೆ. ಚೆಂಡಿನ ಹಿಂದೆ ಹೊರಟ ಮಗುವಿನ ಹಾಗೆ. ಯಂತ್ರಗಳು ಸ್ಟಿಯರಿಂಗನ್ನು ನೆಟ್ಟಗೆ ಹಿಡಿದು, ವೇಗವನ್ನು ಗೆರೆ ಎಳೆದಂತೆ ಕಾಯ್ದುಕೊಂಡು ಬರುತ್ತವೆ. ಬ್ರೇಕನ್ನು ಮಾತ್ರ ಯಾರೂ ಮುಟ್ಟುವಂತಿಲ್ಲ. ಕಾರು ತಾನಾಗಿ ಕಂಡು, ತಾನಾಗಿ ನಿಲ್ಲಬೇಕು. ಸೀಟಿನಲ್ಲಿ ಕೂತ ಚಾಲಕನಿಗೆ ಅದು ಬೊಂಬೆ ಎಂದು ಚೆನ್ನಾಗಿ ಗೊತ್ತು. ಆದರೂ ಬೊಂಬೆಯ ತಲೆ ಬಾನೆಟ್ಟಿನ ಆಚೆ ಕಂಡ ಕ್ಷಣ ಅವನ ಬಲಗಾಲು, ಪೆಡಲೇ ಇಲ್ಲದ ಜಾಗದಲ್ಲಿ, ನೆಲವನ್ನು ಒತ್ತದೆ ಇದ್ದೀತೇ?

ಕಾರು ನಿಂತರೂ, ಬೊಂಬೆಗೆ ಬಡಿದರೂ ಮುಂದಿನ ಕೆಲಸ ಒಂದೇ. ಬೊಂಬೆಯನ್ನು ಮತ್ತೆ ಆ ಕಾರುಗಳ ಮರೆಗೆ ಎಳೆದುಕೊಂಡು ಹೋಗಿ ನಿಲ್ಲಿಸುತ್ತಾರೆ. ವೇಗ ಬದಲಿಸಿ ಇನ್ನೊಮ್ಮೆ.